"ಅವನೂ ಪಾಸಾದನಂತೆ": ಹೇಳದೆ ಹೇಳಿದ ಮಾತಿಗೆ ಹೊಣೆ ಯಾರು?

ಹೇಮಾವತಿ ದಡ

ನನ್ನ ತಮ್ಮ ಈ ಸಲ ಪಿಯುಸಿ ಪಾಸಾದ. ಹಿಂದಿನ ವರ್ಷ ಗಣಿತದಲ್ಲಿ ಹೋಗಿತ್ತು, ಮನೆಯಲ್ಲೇ ಕೂತು ಓದಿ ಮತ್ತೆ ಕಟ್ಟಿದ್ದ. ಫಲಿತಾಂಶ ಬಂದ ಸಂಜೆ ಹತ್ತಿರದ ಸಂಬಂಧಿಕರೊಬ್ಬರು ಬಂದರು. ಅಮ್ಮ ಮೈಸೂರುಪಾಕಿನ ತಟ್ಟೆ ಹಿಡಿದು ನಿಂತಿದ್ದಳು. ಅಂಕಗಳು ಕಾಣುತ್ತಿದ್ದ ಮೊಬೈಲು ಅವರ ಕೈಯಲ್ಲೇ ಇತ್ತು. ತಮ್ಮನ ಕಡೆ ನೋಡದೆ, ಅಪ್ಪನಿಗೆ "ಅವನೂ ಪಾಸಾದನಂತೆ" ಅಂದರು. ಅಷ್ಟೇ.

ತಮ್ಮ ಎದ್ದು ಒಳಗೆ ಹೋದ. ಆಮೇಲೆ ಅಪ್ಪ ಕೇಳಿದ್ದಕ್ಕೆ ಅವರ ಉತ್ತರ: "ನಾನೇನಾದ್ರೂ ಸುಳ್ಳು ಹೇಳಿದೆನಾ? ಪಾಸಾಗಿದ್ದಾನೆ, ಪಾಸಾದ ಅಂದೆ. ನೀವು ಏನೇನೋ ಕಲ್ಪಿಸಿಕೊಂಡರೆ ಅದಕ್ಕೆ ನಾನು ಹೊಣೆಯಾ?"

ಅಪ್ಪ ಸುಮ್ಮನಾದರು. ಮಾತನ್ನು ಬಿಡಿಸಿ ನೋಡಿದರೆ ತಪ್ಪು ಎಲ್ಲೂ ಸಿಗುವುದಿಲ್ಲ. ಆದರೆ ಅಲ್ಲಿದ್ದ ಅಷ್ಟೂ ಜನಕ್ಕೆ ಒಂದೇ ಅರ್ಥ ಕೇಳಿಸಿತು. ಆ ಅರ್ಥ ಎಲ್ಲಿ ಕೂತಿತ್ತು? ಆಡಿದವರಲ್ಲೋ, ಕೇಳಿದ ನಮ್ಮಲ್ಲೋ? ಸಮಾಧಾನದ ಮಾತು ಬೇಡ, ನನಗೆ ಇದು ನಿಜವಾಗಿ ತಿಳಿಯಬೇಕು.

ಮಲ್ನಾಡ್ ಹುಡುಗ

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೆನೇ ಇದೆ. ಹಿಂದಿನ ವರ್ಷ ಫೇಲಾದ ನೋವು ನಿಮ್ಮ ಮನೆಯವರ ಮನಸ್ಸಲ್ಲಿ ಮೊದಲೇ ಇತ್ತು, ಅದಕ್ಕೇ ಹಾಗೆ ಕೇಳಿಸಿತು. ಇದೇ ಮಾತನ್ನ ನಿಮ್ಮ ಅಜ್ಜಿ ಹೇಳಿದ್ರೆ ಯಾರೂ ಎದ್ದು ಹೋಗ್ತಿರಲಿಲ್ಲ. ಹೇಳಿದವರನ್ನ ಬೈಯೋದಕ್ಕೆ ಮುಂಚೆ ಸ್ವಲ್ಪ ಯೋಚನೆ ಮಾಡಿ.

ವ್ಯಾಕರಣಪ್ರಿಯ

ಗಾದೆ ಇಲ್ಲಿ ಸಲ್ಲುವುದಿಲ್ಲ. ಕುಂಬಳಕಾಯಿ ಕಳ್ಳ ಅಂದವನು ಯಾರ ಕಡೆಗೂ ಬೆರಳು ತೋರಿಸಿರಲಿಲ್ಲ. ಈ ಮಾತಿನಲ್ಲಿ ಬೆರಳಿದೆ, ಅದು "ಅವನೂ" ಎಂಬಲ್ಲಿಯ "ಊ".

ಈ "ಊ"ಗೆ ಎರಡು ದಾರಿ. ಒಂದು ಬರೀ ಕೂಡಿಸುವುದು: "ಅಕ್ಕ ಪಾಸಾದಳು, ಅವನೂ ಪಾಸಾದ." ಇದರಲ್ಲಿ ಕೊಂಕಿಲ್ಲ, ಆದರೆ ಇದು ನಡೆಯಬೇಕಾದರೆ ಮಾತಿನಲ್ಲಿ ಆಗಲೇ ಇನ್ನೊಬ್ಬರು ಬಂದು ಹೋಗಿರಬೇಕು. ಇನ್ನೊಂದು, ನಿರೀಕ್ಷೆಯ ಕಟ್ಟಕಡೆಯ ತುದಿಯನ್ನು ಮುಟ್ಟುವುದು: "ಕೊನೆಗೆ ಅವನೂ ಪಾಸಾದ", ಅಂದರೆ ಪಾಸಾಗುವವರ ಲೆಕ್ಕದಲ್ಲಿ ಅವನಿರಲೇ ಇಲ್ಲ. ಹಿಂದೆ ಯಾರ ಪ್ರಸ್ತಾಪವೂ ಇಲ್ಲದೆ ಬಂದವರು ನೇರವಾಗಿ "ಅವನೂ" ಅಂದರೆ ಕೇಳುಗನಿಗೆ ಮೊದಲನೆಯ ದಾರಿ ಮುಚ್ಚಿರುತ್ತದೆ.

ಎರಡನೆಯದು "ಅಂತೆ". ಅದು ಬೇರೆಯವರಿಂದ ಕೇಳಿದ ಸುದ್ದಿಗೆ ಹಚ್ಚುವ ಗುರುತು. ಮಳೆಯಲ್ಲಿ ನೆನೆಯುತ್ತ ನಿಂತವನು "ಮಳೆ ಬರ್ತಿದೆಯಂತೆ" ಅನ್ನುವುದಿಲ್ಲ. ಅಂಕಗಳು ಅಂಗೈಯಲ್ಲಿರುವಾಗ "ಪಾಸಾದನಂತೆ" ಅಂದರೆ, ಕಣ್ಣಿಗೆ ಕಂಡದ್ದಕ್ಕೂ ತಾನು ಸಾಕ್ಷಿ ನಿಲ್ಲಲಾರೆ ಅಂದಂತೆ.

ಹೇಮಾವತಿಯವರೇ, ಅದಕ್ಕೆ ಮುಂಚೆ ಬೇರೆ ಯಾರಾದರೂ ಪಾಸಾದ ಮಾತು ಬಂದಿತ್ತೇ? ಇದನ್ನು ತಿಳಿಯದೆ ತೀರ್ಮಾನ ಹೇಳುವುದು ಸರಿಯಲ್ಲ.

ಹೇಮಾವತಿ ದಡ

ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದರು, ಅಪ್ಪ ಮೊಬೈಲು ಕೊಟ್ಟರು, ಅದನ್ನು ನೋಡಿ ಆಡಿದ ಮೊದಲ ಮಾತೇ ಅದು. ನಮ್ಮ ಮನೆಯಲ್ಲಿ ಈ ವರ್ಷ ಪರೀಕ್ಷೆಗೆ ಕೂತವನು ಅವನೊಬ್ಬನೇ.

ಮಲ್ನಾಡ್ ಹುಡುಗ

"ಊ" ವಿಷಯ ಒಪ್ಪಿದೆ. ಆದರೆ "ಅಂತೆ" ಮೇಲೆ ಅಷ್ಟು ಭಾರ ಹಾಕಬೇಡಿ. ನಮ್ಮ ಕಡೆ ಎದುರಿಗೆ ಸಿಕ್ಕವರಿಗೇ "ಏನೋ, ಮನೆ ಕಟ್ಟಿಸ್ತಿದ್ದೀಯಂತೆ!" ಅಂತೀವಿ. ಅದರಲ್ಲಿ ಪ್ರೀತಿ ಬಿಟ್ಟರೆ ಇನ್ನೇನೂ ಇಲ್ಲ.

ವ್ಯಾಕರಣಪ್ರಿಯ

ಅಲ್ಲಿ ಸುದ್ದಿ ನಿಮಗೆ ನಿಜವಾಗಿಯೂ ಬೇರೆ ಕಡೆಯಿಂದ ಬಂದಿರುತ್ತದೆ. "ನಿನ್ನ ಬಾಯಿಂದಲೇ ಕೇಳೋಣ" ಎಂಬ ಆಹ್ವಾನ ಅದರಲ್ಲಿದೆ. ಅದಕ್ಕೇ ಮಧ್ಯಮಪುರುಷ, ಅದಕ್ಕೇ ಮುಖ ನೋಡಿ ಆಡುವ ಮಾತು. ಇಲ್ಲಿ ಹುಡುಗ ಎದುರಿಗಿದ್ದರೂ ಅವನನ್ನು "ಅವನು" ಮಾಡಿ ಅಪ್ಪನ ಜತೆ ಮಾತಾಡಿದ್ದಾರೆ. "ಅಂತೆ" ತಾನಾಗಿಯೇ ಕಹಿಯಲ್ಲ, ನಿಜ. ಯಾರ ಮುಂದೆ, ಯಾವ ಪುರಾವೆ ಕೈಯಲ್ಲಿರುವಾಗ ಬಂತು ಅನ್ನುವುದರಿಂದ ಅದಕ್ಕೆ ರುಚಿ ಬರುತ್ತದೆ.

ಸಂಸ್ಕೃತದ ಮೇಷ್ಟ್ರು

"ಆ ಅರ್ಥ ಎಲ್ಲಿ ಕೂತಿತ್ತು" ಅನ್ನುವ ಪ್ರಶ್ನೆಗೆ ಸಾವಿರದ ನೂರು ವರ್ಷಕ್ಕೂ ಹಳೆಯ ಜಗಳವಿದೆ. ಒಂಬತ್ತನೇ ಶತಮಾನದಲ್ಲಿ, ಅವಂತಿವರ್ಮ ಆಳುತ್ತಿದ್ದ ಕಾಶ್ಮೀರದಲ್ಲಿ, ಆನಂದವರ್ಧನ 'ಧ್ವನ್ಯಾಲೋಕ' ಬರೆದ. ಪದಕ್ಕೆ ನೇರ ಅರ್ಥ ಕೊಡುವ ಶಕ್ತಿ ಅಭಿಧೆ; ನೇರ ಅರ್ಥ ಹೊಂದದಿದ್ದಾಗ ಪಕ್ಕದ ಅರ್ಥಕ್ಕೆ ಸರಿಯುವುದು ಲಕ್ಷಣೆ. "ಗಂಗೆಯಲ್ಲಿ ಹಟ್ಟಿ" ಅಂದರೆ ನೀರಿನ ಮೇಲೆ ಹಟ್ಟಿ ನಿಲ್ಲುವುದಿಲ್ಲವಾದ್ದರಿಂದ ದಡ ಅಂತ ತಿಳಿಯುತ್ತೇವೆ. ಇವೆರಡೂ ಮುಗಿದ ಮೇಲೂ ಉಳಿಯುವ ಅರ್ಥವೊಂದಿದೆ, ಅದೇ ಧ್ವನಿ, ಅದನ್ನು ಮುಟ್ಟಿಸಲು ವ್ಯಂಜನೆ ಎಂಬ ಮೂರನೆಯ ಶಕ್ತಿ ಬೇಕು ಎಂಬುದು ಅವನ ಪಟ್ಟು.

ಅವನು ಎತ್ತಿಕೊಳ್ಳುವ ಪ್ರಾಕೃತದ ಗಾಹೆಯೊಂದನ್ನು, ಅಂದರೆ ಪದ್ಯವೊಂದನ್ನು, ಕೇಳಿ. ಗೋದಾವರಿಯ ದಡದಲ್ಲಿ ಒಂದು ಪೊದೆ, ಹೆಣ್ಣೊಬ್ಬಳು ನಲ್ಲನನ್ನು ಕಾಣುವ ಜಾಗ. ಹೂ ಕೊಯ್ಯಲು ಅಲ್ಲಿಗೆ ಬರುವ ಧಾರ್ಮಿಕನೊಬ್ಬನ ಕಾಟ. ಅವನಿಗೆ ನಾಯಿಯ ಹೆದರಿಕೆ. ಅವಳು ಹೇಳುತ್ತಾಳೆ: "ಸ್ವಾಮಿ, ನಿಶ್ಚಿಂತೆಯಿಂದ ಓಡಾಡಿ. ಆ ನಾಯಿಯನ್ನು ಇವತ್ತು ಗೋದೆಯ ದಡದ ಪೊದೆಯಲ್ಲಿರುವ ಕೊಬ್ಬಿದ ಸಿಂಹ ಕೊಂದುಹಾಕಿತು." ಬಾಯಿ ಹೇಳಿದ್ದು "ಓಡಾಡಿ", ಮುಟ್ಟಿದ್ದು "ಕಾಲಿಡಬೇಡಿ". ವಾಚ್ಯ, ಅಂದರೆ ನೇರ ಅರ್ಥ, ವಿಧಿ; ಧ್ವನಿ ನಿಷೇಧ. ಒಂದೇ ವಾಕ್ಯ ಎರಡು ದಿಕ್ಕಿಗೆ ಎಳೆಯುತ್ತಿರುವಾಗ ಎರಡನ್ನೂ ಒಂದೇ ಶಕ್ತಿಯ ಲೆಕ್ಕಕ್ಕೆ ಬರೆಯುವುದು ಹೇಗೆ?

ಇನ್ನು ಮಲ್ನಾಡ್ ಹುಡುಗನ ಅಜ್ಜಿಯ ಮಾತು. ಅದನ್ನು ಹಳಬರೂ ಮರೆತಿರಲಿಲ್ಲ. ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ "ಗತೋಽಸ್ತಮರ್ಕಃ", ಸೂರ್ಯ ಮುಳುಗಿದ ಎಂಬ ಒಂದೇ ವಾಕ್ಯ ಇಟ್ಟುಕೊಂಡು ತೋರಿಸುತ್ತಾನೆ. ಶತ್ರುವಿನ ಮೇಲೆ ಬೀಳಲು ಹೊತ್ತಾಯಿತು, ಕೆಲಸ ನಿಲ್ಲಿಸೋಣ, ಸಂಧ್ಯಾವಂದನೆಗೆ ಏಳಿ, ದನ ಒಳಗೆ ಕಟ್ಟಿ, ದೂರ ಹೋಗಬೇಡ, ಇಷ್ಟು ಹೊತ್ತಾದರೂ ನಲ್ಲ ಬರಲಿಲ್ಲ. ಯಾರು, ಯಾರಿಗೆ, ಯಾವಾಗ ಅನ್ನುವುದರ ಮೇಲೆ ಅರ್ಥ ಬೇರೆ. ವಾಚ್ಯಾರ್ಥ ಎಲ್ಲರಿಗೂ ಒಂದೇ, ಅದು ಬದಲಾಗುವುದಿಲ್ಲ. ಆದ್ದರಿಂದ "ಅಜ್ಜಿ ಹೇಳಿದ್ದರೆ ಬೇರೆ ಆಗುತ್ತಿತ್ತು" ಅನ್ನುವುದು ಈ ಅರ್ಥ ಸುಳ್ಳು ಅನ್ನಲು ಪುರಾವೆಯಲ್ಲ. ಹೇಳುವವರು ಬದಲಾದರೆ ಧ್ವನಿ ಬದಲಾಗುತ್ತದೆ, ಅದರ ಸ್ವಭಾವವೇ ಅದು.

ಭಾಷಾವಿಜ್ಞಾನದ ವಿದ್ಯಾರ್ಥಿನಿ

ನಮ್ಮ ತರಗತಿಯಲ್ಲಿ ಇದಕ್ಕೆ ಪಾಲ್ ಗ್ರೈಸ್ ಎಂಬ ತತ್ವಶಾಸ್ತ್ರಜ್ಞರ ಹೆಸರು ಬರುತ್ತದೆ. 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳು, ಅದರ ಮುಖ್ಯ ಭಾಗ ಅಚ್ಚಾದದ್ದು 1975ರಲ್ಲಿ. ಮಾತಾಡುವಾಗ ನಾವು ಒಬ್ಬರಿಗೊಬ್ಬರು ಸಹಕರಿಸುತ್ತಿದ್ದೇವೆ ಎಂದು ನಂಬಿರುತ್ತೇವೆ: ಬೇಕಾದಷ್ಟು ಹೇಳು, ನಿಜ ಹೇಳು, ಸಂದರ್ಭಕ್ಕೆ ಹೊಂದುವಂತೆ ಹೇಳು, ಸ್ಪಷ್ಟವಾಗಿ ಹೇಳು. ಯಾರಾದರೂ ಎದ್ದು ಕಾಣುವ ಹಾಗೆ ಇದನ್ನು ಮುರಿದರೆ, ಕೇಳುಗ "ಯಾಕೆ ಮುರಿದರು" ಎಂದು ಹುಡುಕಿ ಅರ್ಥ ಕಟ್ಟಿಕೊಳ್ಳುತ್ತಾನೆ. ತತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಬರೆದ ಪತ್ರದ ಉದಾಹರಣೆ ಅವರದೇ: ಇವನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ, ಅಷ್ಟೇ. ಒಂದು ಅಕ್ಷರವೂ ಸುಳ್ಳಲ್ಲ. ಶಿಷ್ಯನಿಗೆ ಕೆಲಸ ಸಿಗುವುದಿಲ್ಲ.

ಈ ಚರ್ಚೆಗೆ ಹೆಚ್ಚು ಬೇಕಾದದ್ದು ಅವರು ಹೇಳುವ ಇನ್ನೊಂದು ಲಕ್ಷಣ. ಸಂದರ್ಭದಿಂದ ಹುಟ್ಟಿದ ಸೂಚನೆಯನ್ನು ಆಡಿದವರೇ ವಾಪಸ್ ಪಡೆಯಬಹುದು. ಹೀಗೆ ಪರೀಕ್ಷೆ ಮಾಡಿ:

"ಸಾಲ ಕೊಡ್ತೀರಾ?" "ನೋಡೋಣ." ನಮಗೆಲ್ಲ ಇದು "ಇಲ್ಲ". ಆದರೆ ಅವರು "ನೋಡೋಣ, ಇಲ್ಲ ಅಂತಲ್ಲ, ಶುಕ್ರವಾರ ದುಡ್ಡು ಬರೋದಿದೆ" ಎಂದು ಸೇರಿಸಿದರೆ ಮಾತು ಸರಿಯಾಗಿಯೇ ನಿಲ್ಲುತ್ತದೆ. "ಇಲ್ಲ" ಅಳಿಸಿಹೋಯಿತು.

ಈಗ: "ಅವನೂ ಪಾಸಾದ, ಆದರೆ ಬೇರೆ ಯಾರೂ ನನ್ನ ಮನಸ್ಸಲ್ಲಿಲ್ಲ, ಅವನು ಪಾಸಾಗ್ತಾನೆ ಅಂತ ನನಗೆ ಮೊದಲೇ ಗೊತ್ತಿತ್ತು." ಕನ್ನಡದ ಕಿವಿಗೆ ಇದು ಸೊಟ್ಟ. ಯಾಕೆಂದರೆ "ಊ" ತಂದ ಅರ್ಥ ಸಂದರ್ಭದ್ದು ಮಾತ್ರವಲ್ಲ, ಭಾಷೆಯ ಕಟ್ಟಿನಲ್ಲೇ ಇದೆ. ಅದನ್ನು ಬಾಯಿಂದ ಬಿಟ್ಟ ಮೇಲೆ "ನಾನು ಹಾಗೆ ಹೇಳಲಿಲ್ಲ" ಅನ್ನುವ ಅವಕಾಶ ಇರುವುದಿಲ್ಲ. ಹೇಮಾವತಿಯವರ ಸಂಬಂಧಿಕರು "ಪಾಸಾದ" ಎಂಬ ಭಾಗಕ್ಕೆ ಮಾತ್ರ ಲೆಕ್ಕ ಕೊಟ್ಟರು, "ಊ"ಗೆ ಕೊಡಲಿಲ್ಲ. ನನ್ನ ಪ್ರಕಾರ ಹೊಣೆ ಪೂರ್ತಿ ಅವರದೇ.

ಮೇಷ್ಟ್ರೇ, ಒಂದು ಪ್ರಶ್ನೆ. ಗ್ರೈಸ್ ಪ್ರಕಾರ ಇಂಥ ಅರ್ಥವನ್ನು ಕೇಳುಗ ತರ್ಕದಿಂದ ಲೆಕ್ಕ ಹಾಕಿ ತೆಗೆಯಲು ಸಾಧ್ಯವಿರಬೇಕು. ಹಾಗಾದರೆ ಬರೀ ಊಹೆ ಸಾಕಲ್ಲ, ಮೂರನೆಯ ಶಕ್ತಿ ಯಾಕೆ?

ಸಂಸ್ಕೃತದ ಮೇಷ್ಟ್ರು

ಇದನ್ನೇ ಮಹಿಮಭಟ್ಟ ಕೇಳಿದ್ದು! ಅವನೂ ಕಾಶ್ಮೀರದವನೇ, ಹನ್ನೊಂದನೇ ಶತಮಾನ. 'ವ್ಯಕ್ತಿವಿವೇಕ' ಎಂಬ ಇಡೀ ಗ್ರಂಥವನ್ನು, ಧ್ವನಿ ಅನ್ನುವುದೆಲ್ಲ ಅನುಮಾನವೇ, ಅಂದರೆ ತರ್ಕದಿಂದ ಮಾಡುವ ಊಹೆಯೇ, ಹೊಗೆಯಿಂದ ಬೆಂಕಿಯನ್ನು ತಿಳಿದಂತೆ, ಎಂದು ಸಾಧಿಸಲು ಬರೆದ. ದಡದಲ್ಲಿ ಸಿಂಹವಿದೆ, ಅಂಜುವವನು ಸಿಂಹವಿದ್ದಲ್ಲಿ ಓಡಾಡುವುದಿಲ್ಲ, ಆದ್ದರಿಂದ ಅವನು ಓಡಾಡಬಾರದು.

ಮಮ್ಮಟನ ಉತ್ತರ ನನಗೆ ಯಾವಾಗಲೂ ಇಷ್ಟ. ಅನುಮಾನಕ್ಕೆ ತಪ್ಪದ ಹೇತು, ಅಂದರೆ ಕಾರಣ, ಬೇಕು. ಅಂಜುವವನೂ ಗುರುವಿನ ಅಪ್ಪಣೆಯಾದರೆ, ಒಡೆಯನ ಅಪ್ಪಣೆಯಾದರೆ, ಪ್ರೀತಿಗೆ ಬಿದ್ದರೆ ಸಿಂಹವಿದ್ದಲ್ಲಿಗೂ ಹೋಗುತ್ತಾನೆ. ನಾಯಿಗೆ ಅಂಜುವವನು ಸಿಂಹಕ್ಕೆ ಅಂಜದ ವೀರನೂ ಆಗಿರಬಹುದು. ಅದಕ್ಕಿಂತ ದೊಡ್ಡದು, ಅಲ್ಲಿ ಸಿಂಹ ಇದೆ ಅನ್ನುವುದಕ್ಕೆ ಅವಳ ಮಾತು ಬಿಟ್ಟರೆ ಆಧಾರವೇ ಇಲ್ಲ. ಹೇತುವೇ ಸಂದೇಹಾಸ್ಪದವಾದ ಮೇಲೆ ಶಾಸ್ತ್ರದ ಪ್ರಕಾರ ಅನುಮಾನ ನಿಲ್ಲುವುದಿಲ್ಲ. ಆದರೂ "ಬರಬೇಡಿ" ಅನ್ನುವುದು ಕೇಳುವವನಿಗೆ ಮುಟ್ಟಿಯೇ ಮುಟ್ಟುತ್ತದೆ. ತರ್ಕ ಸೋತ ಕಡೆಯೂ ಅರ್ಥ ತಲುಪುತ್ತದೆ ಅಂದಮೇಲೆ ತಲುಪಿಸಿದ್ದು ಬೇರೆಯೇ ಇರಬೇಕು. ಕನ್ನಡದಲ್ಲಿ ಇದನ್ನು ಓದಬೇಕೆನ್ನುವವರಿಗೆ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯೇ ದಾರಿ. ಅಷ್ಟು ತಿಳಿಯಾಗಿ ಬರೆದವರು ಕಡಿಮೆ.

ಧಾರವಾಡದಾಕಿ

ಎಲ್ಲಾರೂ ಚುಚ್ಚು ಮಾತಿನ ಬಗ್ಗೇನ ಬರದ್ರಿ. ಸೂಚ್ಯವಾಗಿ ಹೇಳೂದು ಮನಸ್ಸು ಉಳಿಸಾಕೂ ಬೇಕಾಗ್ತದ, ಅದನ್ನೂ ಸ್ವಲ್ಪ ನೋಡ್ರಿ.

ನಮ್ಮ ಕಡೆ ಕನ್ಯಾ ನೋಡಾಕ ಬಂದವರು ಮನಿ ಬಿಟ್ಟು ಹೋಗಾಗ "ಊರಿಗೆ ಹೋಗಿ ತಿಳಸ್ತೀವ್ರಿ" ಅಂತಾರ. ಒಪ್ಪಿಗಿ ಇದ್ರ ಹಂಗ ಅನ್ನೂದಿಲ್ಲ, ಮಾತು ಅಲ್ಲೇ ಮುಂದಿನ ಕೊಡೂದು ತಗೊಳ್ಳೂದಕ್ಕ ಹೋಗ್ತದ. ಆಮ್ಯಾಲ ಮಧ್ಯಸ್ಥರ ಕಡೆಯಿಂದ "ಜಾತಕ ಕೂಡಿ ಬರಲಿಲ್ಲಂತ" ಅಂತ ಸುದ್ದಿ ಬರ್ತದ. ಜಾತಕ ತಗದು ನೋಡ್ಯಾರೋ ಇಲ್ಲೋ ದೇವರಿಗೇ ಗೊತ್ತು. ಹುಡುಗಿ ಮನಿಯವರಿಗೂ ಎಲ್ಲಾ ತಿಳದಿರ್ತದ. ಆದ್ರ ಯಾರೂ "ಹುಡುಗಿ ಪಸಂದ್ ಬರಲಿಲ್ಲ" ಅಂತ ಬಾಯಿ ಬಿಟ್ಟು ಹೇಳಲಿಲ್ಲ ನೋಡ್ರಿ, ಅದಕ್ಕ ಮುಂದ ಯಾವದರ ಮದುವ್ಯಾಗ ಎರಡೂ ಮನಿಯವರು ಒಂದ ಪಂಕ್ತ್ಯಾಗ ಕೂತು ಉಣಬಹುದು.

ಮ್ಯಾಲಿನ ಅಕ್ಕಾರು ಹೇಳಿದ "ವಾಪಸ್ ತಗೊಳ್ಳೂದು" ಇಲ್ಲಿ ದೊಡ್ಡ ಉಪಕಾರ ಮಾಡ್ತದ. ಹಿಂದ ಸರಿಯಾಕ ಇಬ್ರಿಗೂ ಜಾಗಾ ಇರ್ತದ. ನಿಮ್ಮ ಸಂಬಂಧಿಕರು ಅದೇ ಜಾಗಾನ್ನ ತಮ್ಮ ಒಬ್ಬರ ಸಲುವಾಗಿ ಇಟಗೊಂಡ್ರು, ಹುಡುಗನ ಪಾಲಿಗೆ ಏನೂ ಬಿಡಲಿಲ್ಲ. ನನಗ ಕೆಟ್ಟ ಅನಿಸಿದ್ದು ಅದು.

ಕರಿಕೋಟು

"ಸುಳ್ಳು ಹೇಳಿದೆನಾ?" ಅನ್ನುವ ವಾದ ನ್ಯಾಯಾಲಯದಲ್ಲೂ ಬರುತ್ತದೆ. ಕಾನೂನು ಇದಕ್ಕೆ 1860ರಲ್ಲೇ ಉತ್ತರ ಬರೆದಿಟ್ಟಿದೆ. ಭಾರತೀಯ ದಂಡ ಸಂಹಿತೆಯ 499ನೇ ಕಲಂ, ಮಾನಹಾನಿ. ಈಗ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 356 ಇದೆ. ವ್ಯಂಗ್ಯವಾಗಿ ಆಡಿದ ಆರೋಪವೂ ಮಾನಹಾನಿಯಾಗಬಹುದು ಎಂದು ವಿವರಣೆಯಲ್ಲೇ ಇದೆ. ಅದರ ಕೆಳಗಿನ ಉದಾಹರಣೆಗಳು ಈ ಚರ್ಚೆಗೆಂದೇ ಬರೆದ ಹಾಗಿವೆ.

ಒಬ್ಬ ಹೇಳುತ್ತಾನೆ: "ಅವನು ಪ್ರಾಮಾಣಿಕ ಮನುಷ್ಯ, ಇವನ ಗಡಿಯಾರ ಅವನು ಯಾವತ್ತೂ ಕದ್ದಿಲ್ಲ." ಕದ್ದದ್ದು ಅವನೇ ಎಂದು ಜನ ನಂಬಲಿ ಎಂಬ ಉದ್ದೇಶದಿಂದ ಹಾಗೆ ಹೇಳಿದರೆ, ಕಾನೂನಿನ ಅಪವಾದಗಳಿಗೆ ಒಳಪಡದಿದ್ದರೆ, ಅದು ಮಾನಹಾನಿ. ಹೊಗಳಿಕೆಯ ರೂಪದಲ್ಲೇ ಇದ್ದರೂ ಬಿಡುವುದಿಲ್ಲ. ಎರಡನೆಯದರಲ್ಲಿ ಮಾತೇ ಇಲ್ಲ: ಗಡಿಯಾರ ಕದ್ದವರು ಯಾರು ಎಂದು ಕೇಳಿದಾಗ ಒಬ್ಬನ ಕಡೆ ಕೈ ತೋರಿಸುವುದು. ಮೂರನೆಯದು, ಅವನು ಗಡಿಯಾರ ಹಿಡಿದು ಓಡುತ್ತಿರುವ ಚಿತ್ರ ಬರೆಯುವುದು.

ನಿಮ್ಮ ಮನೆಯ ಮಾತು ಮೊಕದ್ದಮೆಯ ವಿಷಯವಲ್ಲ, ಆ ದಿಕ್ಕಿನಲ್ಲಿ ಯಾರೂ ಯೋಚಿಸುವುದೂ ಬೇಡ. ನಾನು ಹೇಳುವುದಿಷ್ಟೇ: ಮಾತಿನ ಅಕ್ಷರದ ಹಿಂದೆ ಅಡಗಿಕೊಳ್ಳಲು ಕಾನೂನೇ ಬಿಡುವುದಿಲ್ಲ. ಅದು ನೋಡುವುದು ಉದ್ದೇಶವನ್ನು, ಕೇಳಿದವರಿಗೆ ಮುಟ್ಟಿದ ಅರ್ಥವನ್ನು.

ತಾಲ್ಲೂಕು ಆಸ್ಪತ್ರೆ ನರ್ಸ್

ನನ್ನ ಕೆಲಸದಲ್ಲಿ ಇದರ ಇನ್ನೊಂದು ಮುಖ ನೋಡ್ತೀನಿ, ಬರೀಲೇಬೇಕು ಅನಿಸ್ತು.

ರಾತ್ರಿ ಹೊತ್ತು ರೋಗಿಯನ್ನ ಹೊತ್ತು ತರ್ತಾರೆ. ಏನಾಯ್ತು ಅಂದ್ರೆ "ಹುಳ ಮುಟ್ಟಿದೆ" ಅಂತಾರೆ. ರಾತ್ರಿ ಹಾವಿನ ಹೆಸರು ಎತ್ತಬಾರದು ಅನ್ನೋ ನಂಬಿಕೆ. ಊರಲ್ಲಿ ಎಲ್ಲರಿಗೂ ಅದು ಹಾವು ಅಂತಲೇ ಗೊತ್ತು. ಆದರೆ ಬೇರೆ ಕಡೆಯಿಂದ ಹೊಸದಾಗಿ ಬಂದ ಡಾಕ್ಟರಿಗೆ ಅದು ಹುಳ, ಜೇನೋ ಚೇಳೋ ಜರಿಯೋ. ಕಟ್ಟುಹಾವು ಕಡಿದ್ರೆ ನೋವೂ ಕಡಿಮೆ, ಗಾಯನೂ ಸರಿಯಾಗಿ ಕಾಣಲ್ಲ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಡಿದಿರುತ್ತೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳೋದು, ಮಾತು ತೊದಲೋದು ಶುರುವಾಗೋ ಹೊತ್ತಿಗೆ ಬೆಲೆಬಾಳೋ ಸಮಯ ಹೋಗಿರುತ್ತೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಇದೆ, ಆದರೆ ಅದು ಬೇಕು ಅಂತ ಗೊತ್ತಾಗಬೇಕಲ್ಲ.

ಅದಕ್ಕೆ ನಾನು ಬಾಗಿಲಲ್ಲೇ ಕೇಳೋದು: "ಹಾವೇನಮ್ಮಾ? ಕಣ್ಣಾರೆ ನೋಡಿದಿರಾ, ಇಲ್ಲ ಮಲಗಿದ್ದಾಗಲೇ ಆಗಿದ್ದಾ?" ಹೆಸರು ಹೇಳೋಕೆ ಹೆದರೋರು ತಲೆ ಅಲ್ಲಾಡಿಸ್ತಾರೆ, ನನಗೆ ಅಷ್ಟು ಸಾಕು. ಒಳಗಿನವರಿಗೆ ತಾನಾಗೇ ಗೊತ್ತಾಗೋ ಮಾತು ಹೊರಗಿನವರಿಗೆ ಗೊತ್ತಾಗಲ್ಲ. ಜೀವದ ಪ್ರಶ್ನೆ ಬಂದಾಗ ದಯವಿಟ್ಟು ಹಾವನ್ನ ಹಾವು ಅಂತಲೇ ಹೇಳಿ.

ವ್ಯಾಕರಣಪ್ರಿಯ

ನರ್ಸ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. "ಹುಳ ಮುಟ್ಟಿದೆ", ದೀಪ ಆರಿಸು ಅನ್ನಲು ಆಡುವ "ದೀಪ ದೊಡ್ಡದು ಮಾಡು", ಹೊರಡುವಾಗ ಆಡುವ "ಬರ್ತೀನಿ", ಇವನ್ನು ಕೇಳಿದಾಗ ನಾವ್ಯಾರೂ ಊಹೆ ಮಾಡುವುದಿಲ್ಲ. ಒಂದು ಕಾಲಕ್ಕೆ ಸೂಚನೆಯಾಗಿದ್ದದ್ದು ಬಳಸಿ ಬಳಸಿ ನೇರ ಅರ್ಥದಷ್ಟೇ ಗಟ್ಟಿಯಾಗಿದೆ. ಶಾಸ್ತ್ರಕಾರರು ಇದನ್ನು ರೂಢಿ ಲಕ್ಷಣೆ ಎಂದು ಬೇರೆ ಇಟ್ಟರು. ಹೊರಗಿನವರಿಗೆ ಹೆಚ್ಚು ಕಷ್ಟ ಕೊಡುವುದೂ ಇವೇ, ಆಡುವವರಿಗೆ ತಾವು ಸುತ್ತಿ ಬಳಸಿ ಹೇಳುತ್ತಿದ್ದೇವೆ ಎಂಬ ಅರಿವೇ ಇರುವುದಿಲ್ಲ.

ಹಳಗನ್ನಡ ಓದುಗ

ಕಾಶ್ಮೀರ, ಹಾರ್ವರ್ಡ್ ಎಲ್ಲ ಬಂತು, ಕನ್ನಡದ್ದೇ ಮಾತು ಬರಲಿಲ್ಲ. ಆನಂದವರ್ಧನನ ಅದೇ ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಧ್ವನಿಯ ಹೆಸರೆತ್ತುತ್ತದೆ. ಅಲ್ಲಿ ಅದು ಕಾವ್ಯದ ಆತ್ಮವಲ್ಲ, ಅಲಂಕಾರಗಳಲ್ಲೊಂದು. ಆ ಗ್ರಂಥ ಕನ್ನಡಿಗರನ್ನು ಹೊಗಳುವ ಪದ್ಯ ನಮಗೆಲ್ಲ ಬಾಯಿಗೆ ಬರುತ್ತದೆ: "ಪದನರಿದು ನುಡಿಯಲುಂ ನುಡಿದುದನರಿದಾರಯಲುಮಾರ್ಪರಾ ನಾಡವರ್ಗಳ್". ಹದವರಿತು ಆಡಬಲ್ಲರು, ಆಡಿದ್ದನ್ನು ಅರಿತು ವಿಚಾರಿಸಬಲ್ಲರು. ಎರಡನೆಯ ಅರ್ಧಕ್ಕೆ ನಾವು ಸಾಕಷ್ಟು ಗಮನ ಕೊಟ್ಟಿಲ್ಲ. ಕೇಳುವುದೂ ಒಂದು ಸಾಮರ್ಥ್ಯ ಅಂತ ಆ ಕವಿ ಎಣಿಸಿದ.

ಇನ್ನೊಂದು, ರನ್ನನ 'ಗದಾಯುದ್ಧ'. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ. ಆ ಸದ್ದು ಕೇಳಿ "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ನೀರಿನೊಳಗೆ ಇದ್ದೂ ಬೆವರಿದ. ಒಳಗಿನ ಉರಿ ಎಷ್ಟಿತ್ತೆಂದು ರನ್ನ ಹೇಳುವುದಿಲ್ಲ. ತಣ್ಣನೆಯ ನೀರು ಸುತ್ತ ಇರುವಾಗ ಬೆವರು ತೋರಿಸುತ್ತಾನೆ, ಉರಿಯ ಅಳತೆ ನಮಗೆ ಸಿಗುತ್ತದೆ. "ಇರ್ದುಂ" ಎಂಬಲ್ಲಿಯ "ಉಂ" ನೋಡಿ, ಮೇಲೆ ಚರ್ಚೆಯಾದ "ಊ"ನ ಹಳಗನ್ನಡ ರೂಪ ಅದು. ಅದನ್ನು ತೆಗೆದರೆ ಪದ್ಯದ ಜೀವವೇ ಹೋಗುತ್ತದೆ.

ಮಲ್ನಾಡ್ ಹುಡುಗ

ಬೆವರೋದು ಭಯಕ್ಕೂ ಆಗಬಹುದಲ್ಲ? ಭೀಮನ ಕೂಗಿಗೆ ಹೆದರಿ ಬೆವರಿದ ಅಂತ ನಾನು ಓದಿದರೆ ತಪ್ಪಾ? ಕೇಳೋರ ಪಾಲೂ ಇದೆ ಅಂತ ಈಗ ನೀವೇ ಅಂದ್ರಿ.

ಹಳಗನ್ನಡ ಓದುಗ

ಪದ್ಯ ಪೂರ್ತಿ ಓದಿ: "ಆ ರವಮಂ ನಿರ್ಜಿತಕಂಠೀರವರವಮಂ ನಿರಸ್ತಘನರವಮಂ ಕೋಪಾರುಣನೇತ್ರಂ ಕೇಳ್ದಾ ನೀರೊಳಗಿರ್ದುಂ ಬೆಮರ್ತನುರಗಪತಾಕಂ." ಬೆವರಿಗೆ ಮುಂಚೆಯೇ ಕಣ್ಣು ಕೋಪದಿಂದ ಕೆಂಪಾಗಿದೆ ಎಂದು ಕವಿ ಹೇಳಿಬಿಟ್ಟಿದ್ದಾನೆ. ಬೆವರು ಬರೀ ಭಯದ್ದು ಎಂಬ ಓದು ಅಲ್ಲಿಗೆ ನಿಲ್ಲುತ್ತದೆ. ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಮೀರಿಸಿದ ಸದ್ದು ಅಂತ ಭೀಮನ ಕೂಗನ್ನು ಎತ್ತರಿಸಿದ್ದರಿಂದ, ಕೋಪದ ಅಡಿಯಲ್ಲಿ ಅಳುಕಿನ ಒಂದು ಎಳೆ ಇದೆಯೇ ಎಂದು ಕೇಳಲು ಜಾಗ ಉಳಿದಿದೆ. ಅಷ್ಟು ಜಾಗ ಪದ್ಯವೇ ಕೊಟ್ಟದ್ದು. ಕೋಪವನ್ನು ಬಿಟ್ಟು ಭಯ ಮಾತ್ರ ಓದುತ್ತೇನೆ ಅಂದರೆ "ಕೋಪಾರುಣನೇತ್ರಂ" ಎಂಬ ಪದವನ್ನು ಏನು ಮಾಡುತ್ತೀರಿ, ಹೇಳಿ.